ಡಬ್ಬಿಯ ಮೇಲಿನ ಬುರುಲ್

ನರಿನ್ ಪಟ್ಟಣದಲ್ಲಿ, ವಸಂತದ ಹೊಸವರ್ಷದ ನೋರುಜ್ ಹಬ್ಬದ ಬಯಲಿನಲ್ಲಿ ಮೆಲಿಸ್ ಡಬ್ಬಿಗಳನ್ನು ಆಳೆತ್ತರಕ್ಕೆ ಪೇರಿಸಿಟ್ಟಿದ್ದ. ಪ್ರತಿ ಡಬ್ಬಿಯ ಮೇಲೂ ಅವನ ಅತ್ತಿಗೆ ಬುರುಲ್ ಎರಡೆರಡು ಸಲ ನಿಂತಿದ್ದಳು. ಎಡಗಡೆ 'ಮೊದಲು': ಕೆನ್ನೆ ಊದಿದ, ಹೊಟ್ಟೆ ಇಳಿಬಿದ್ದ ಬುರುಲ್. ಬಲಗಡೆ 'ಒಂದೇ ತಿಂಗಳ ನಂತರ': ಕುಸ್ತಿಯಲ್ಲಿ ಗೆದ್ದ ಟಗರನ್ನು ಹೆಗಲ ಮೇಲೆ ಹೊತ್ತು ನಗುವ, ಚಪ್ಪಟೆ ಹೊಟ್ಟೆಯ ಬುರುಲ್. ಕೆಳಗೆ ದಪ್ಪ ಅಕ್ಷರದಲ್ಲಿ 'ಕುದುರೆ ಹಾಲಿನ ಶಕ್ತಿ'. ಎರಡೂ ಚಿತ್ರ ಅವನು ಮನೆಯ ಆಲ್ಬಮ್ಮಿನಿಂದ ಎಗರಿಸಿದ್ದು.

ಒಳಗಿದ್ದದ್ದು ಹಾಲಿನ ಪುಡಿ, ಸಕ್ಕರೆ, ಒಂದಿಷ್ಟು ವೆನಿಲ್ಲಾ. "ಕುದುರೆ ಎಲ್ಲೋ?" ಎಂದು ಬುರುಲ್ ಕೇಳಿದಾಗ ಅವನು ಸ್ವಲ್ಪವೂ ಅಳುಕದೆ ಹೇಳಿದ್ದ: "ಮುಚ್ಚಳದ ಮೇಲಿದೆಯಲ್ಲ ಅತ್ತಿಗೆ, ನೋಡಿ, ಬಾಲ ಸಮೇತ!"

ಆಗ ಅವಳಿಗೂ ನಗು ಬಂದಿತ್ತು. ಅಭ್ಯಾಸದ ನಡುವೆ ನಾಜಿಕ್ ಕುಸಿದು ಬಿದ್ದ ದಿನ ಆ ನಗು ಆರಿಹೋಯಿತು. ಬುರುಲ್ ಬಳಿ ಕುಸ್ತಿ ಕಲಿಯುವ ಹುಡುಗಿಯರಲ್ಲೆಲ್ಲ ನಾಜಿಕ್ ಗಟ್ಟಿಗಿತ್ತಿ, ಹಠಮಾರಿ ಕೂಡ. ದೇಶದ ತಂಡದ ಆಯ್ಕೆ ಹತ್ತಿರ ಬಂದಿತ್ತು. ತೂಕ ಇಳಿಸಲೆಂದು ಹುಡುಗಿ ರೊಟ್ಟಿ ಬಿಟ್ಟು, ಮಾಂಸ ಬಿಟ್ಟು, ಹೊತ್ತುಹೊತ್ತಿಗೂ ಆ ಪುಡಿ ಕಲಸಿದ ನೀರನ್ನೇ ಕುಡಿಯುತ್ತಿದ್ದಳು.

"ನಾನು ಅದನ್ನ ಮುಟ್ಟೇ ಇಲ್ಲ ಕಣೇ" ಎಂದು ಬುರುಲ್ ಹೇಳಿದರೆ, "ಗುಟ್ಟು ಬಿಟ್ಟುಕೊಡಲ್ಲ ಅಲ್ವಾ ಅಕ್ಕ? ಚಿತ್ರಾನೇ ಹೇಳ್ತಿದೆಯಲ್ಲ" ಎಂದುಬಿಟ್ಟಳು ನಾಜಿಕ್.

ತನ್ನ ಮುಖವೇ ತನ್ನ ಮಾತಿಗೆ ಎದುರು ಸಾಕ್ಷಿ ಹೇಳಿದರೆ ಯಾರಿಗೆ ತಾನೇ ಮೈ ಉರಿಯದು? ಚಿತ್ರ ತೆಗೆ ಎಂದರೆ ಮೆಲಿಸ್ "ಹಬ್ಬದ ವ್ಯಾಪಾರ ಮುಗೀಲಿ ಅತ್ತಿಗೆ" ಎಂದು ಹಲ್ಲು ಕಿರಿದ. ಸರಿ, ಹಬ್ಬದಲ್ಲೇ ಈ ಡಬ್ಬಿಗೆ ಮಣ್ಣು ಮುಕ್ಕಿಸುತ್ತೇನೆ ಎಂದುಕೊಂಡು ಅವಳು ಬಯಲಿಗೆ ಬಂದಳು.

ಅತ್ತಿಗೆ ಮನೆಯ ಮಾನ ಬಿಟ್ಟುಕೊಡುವುದಿಲ್ಲ ಎಂಬ ಧೈರ್ಯ ಮೈದುನನದು. "ಇಗೋ ಬಂದ್ರು ನಮ್ಮತ್ತಿಗೆ!" ಎಂದು ಮೈಕಿನಲ್ಲಿ ಕೂಗಿದ. "ನೀವೇ ಒಂದು ಮಾತು ಹೇಳಿಬಿಡಿ ಅತ್ತಿಗೆ."

"ಹೇಳ್ತೀನಿ, ಮೈಕು ಕೊಡು."

ಬುರುಲ್ ಒಂದು ಡಬ್ಬಿ ಎತ್ತಿಕೊಂಡು, ಗಂಡಸರನ್ನು ಬಿಟ್ಟು, ಹಿಟ್ಟಿನ ತುಂಡುಗಳನ್ನು ಎಣ್ಣೆಗೆ ಬಿಟ್ಟು ಬೊರ್ಸೊಕ್ ಕರಿಯುತ್ತಿದ್ದ ಹೆಂಗಸರ ಕಡೆ ತಿರುಗಿದಳು. "ಅಕ್ಕಂದಿರೇ, ಸ್ವಲ್ಪ ನೋಡಿ ಹೇಳಿ. 'ಮೊದಲು' ಅನ್ನೋ ಬುರುಲ್ ತಲೆ ಮೇಲೆ ಏನಿದೆ?"

"ಬಿಳಿ ವಸ್ತ್ರ" ಎಂದಳು ಒಬ್ಬಳು. "ಮದುವೆಯಾದೋರು ಕಟ್ಕೊಳ್ಳೋದು. ಮೊದಲ ಸಲ ಮದುವೇಲಿ ನಿಮ್ಮತ್ತೆ ತಲೆಗೆ ಕಟ್ಟಿದ್ದು. ನಾನೂ ಅಲ್ಲೇ ಇದ್ನಲ್ಲ."

"ತಿಂಗಳಾದ ಮೇಲಿನ ಬುರುಲ್ ತಲೆ ಮೇಲೆ?"

ಹೆಂಗಸರು ಕಣ್ಣು ಕಿರಿದು ಮಾಡಿ ನೋಡಿದರು. ಗೂಬೆ ಗರಿಯ ಟೋಪಿ. ಮದುವೆಯಾಗದ ಹುಡುಗಿಯರ ಟೋಪಿ. ಬಾಣಲೆಯ ಮುಂದಿದ್ದ ಉಲ್ಕಾನ್ ಅಜ್ಜಿ ಸೌಟು ಎತ್ತಿ ಕೂಗಿದಳು: "ಏನೋ ಮೆಲಿಸಾ, ಇದನ್ನ ಕುಡಿದ್ರೆ ಕಟ್ಕೊಂಡ ಗಂಡನೇ ಮಾಯ ಆಗ್ತಾನೇನೋ? ನಂಗೆ ಎರಡು ಡಬ್ಬಿ ಕೊಡಪ್ಪಾ!"

ಬಯಲೆಲ್ಲ ಬಿದ್ದು ಬಿದ್ದು ನಕ್ಕಿತು. ಅಜ್ಜಿಯ ಗಂಡನೂ ನಕ್ಕ, ಪಾಪ.

"ಟಗರು ಹೊತ್ತಿದ್ದು ಮದುವೆಗೆ ಮುಂಚೆ" ಎಂದಳು ಬುರುಲ್. "ಹೊಟ್ಟೆ ಬಂದಿದ್ದು ಮಗು ಹೆತ್ತ ಮೇಲೆ. ನಮ್ಮ ಮೈದುನ ಹಿಂದಿನದ್ದನ್ನ ಮುಂದೆ ಅಂಟಿಸಿದಾನೆ. ಈ ಪುಡಿ ಒಂದು ಚಮಚಾನೂ ನನ್ನ ಗಂಟಲಿಗೆ ಇಳಿದಿಲ್ಲ."

"ಅಂಗಡಿ ಮುಚ್ಚಿಸಿಬಿಟ್ರಲ್ಲ ಅತ್ತಿಗೆ!" ಮೆಲಿಸನ ಕಿವಿಯೂ ಕೆಂಪಾಗಿತ್ತು.

"ಹಾಲಿನ ಪುಡಿ ಅಂತ ಬರೆದು ಮಾರು, ಮೊದಲನೇ ಡಬ್ಬಿ ನಾನೇ ತಗೋತೀನಿ. ನನ್ನ ಚಿತ್ರ ಮಾತ್ರ ಈಗಲೇ ಕಿತ್ತುಹಾಕು."

ಎಲ್ಲರೂ ನಗುತ್ತಿದ್ದರೂ ಗುಂಪಿನಲ್ಲಿ ನಿಂತಿದ್ದ ನಾಜಿಕ್ ನಗಲಿಲ್ಲ. ಮೋಸ ಹೋದವರ ಸಿಟ್ಟು ಮೋಸ ಮಾಡಿದವನ ಮೇಲಷ್ಟೇ ತಿರುಗುವುದಿಲ್ಲ. "ಹಾಗಾದ್ರೆ ಅಕ್ಕ," ಎಂದಳು, "ಆ ಹೊಟ್ಟೆ ಇನ್ನೂ ಹಾಗೇ ಇದೆಯಾ?"

ಹೆರಿಗೆಯಾದಾಗಿನಿಂದ ಬುರುಲ್ ಅಭ್ಯಾಸಕ್ಕೂ ದೊಗಲೆ ಕೋಟು ಹಾಕಿಕೊಂಡೇ ಬರುತ್ತಿದ್ದಳು. ನಾಚಿಕೆ, ಮತ್ತೇನು. ಈಗ ಆ ಕೋಟನ್ನು ಬಿಚ್ಚಿ ಮೈದುನನ ಕೈಗೆ ಕೊಟ್ಟು, ಸೊಂಟಕ್ಕೆ ಕುಸ್ತಿಯ ಪಟ್ಟಿ ಬಿಗಿದು, ಪಕ್ಕದಲ್ಲೇ ಇದ್ದ ಹಬ್ಬದ ಅಖಾಡಕ್ಕೆ ಇಳಿದಳು.

"ಇದೆ. ಬಾ, ಹಿಡಿದು ನೋಡು."

ನಾಜಿಕ್ ನುಗ್ಗಿದಳು. ಬುರುಲ್ ಅವಳನ್ನು ಆ ಹೊಟ್ಟೆಗೇ ಅವುಚಿ, ಎತ್ತಿ, ಅಂಗಾತ ಕೆಡವಿದಳು. ಹುಡುಗಿ ಎದ್ದು ಮತ್ತೆ ಬಂದಳು, ಮತ್ತೆ ಬಿದ್ದಳು. ಚಳಿಗಾಲದಲ್ಲಿ ಇವಳನ್ನು ಕೆಡವಬೇಕಾದರೆ ಬುರುಲಳಿಗೆ ಬೆವರಿಳಿಯುತ್ತಿತ್ತು. ಈಗ ಆ ತೋಳುಗಳಲ್ಲಿ ಕಸುವೇ ಇರಲಿಲ್ಲ. ಬುರುಲ್ ಬಗ್ಗಿ ಕೈ ಚಾಚಿದಳು.

ನಾಜಿಕ್ ಕೈ ಹಿಡಿಯಲಿಲ್ಲ. ಮಲಗಿದಲ್ಲೇ ಆಕಾಶ ನೋಡಿದಳು. ಬಾಣಲೆಯ ಕಡೆಯಿಂದ ಬೊರ್ಸೊಕ್ ಘಮ ಬಂತು.

"ಅಕ್ಕ," ಎಂದಳು, "ತುಂಬ ಹಸಿವಾಗ್ತಿದೆ."