ಹಗಲಿನ ಅಲೆಯಲ್ಲಿ ಬಂದ ದನಿ

ಪಡುಗಾಳಿ ಶುರುವಾದ ತಿಂಗಳು, ಹೊತ್ತು ಮುಳುಗುವ ವೇಳೆ. ನಮ್ಮ ದ್ವೀಪದ ಗಂಡಸರು ತೆಂಗಿನ ಮರಗಳ ತುದಿಯಲ್ಲಿ ಕಳ್ಳು ಇಳಿಸುತ್ತಾ ಹಾಡುತ್ತಿದ್ದರು. ರೇಡಿಯೋ ಗುಡಿಸಲಿನ ಚಾಪೆಯ ಮೇಲಿಂದ ರೇಡಿಯೋ ನಡೆಸುವ ರಿತೇತಿ ಎಷ್ಟು ಹೇಳಿದರೂ ತೆಬುರೆಂಗಾ ಏಳಲೊಲ್ಲಳು.

"ರಿತೇತಿ ಅಣ್ಣಾ, ಇನ್ನೊಂದೇ ಸಲ ಕರೀರಿ. ಹಡಗು ಸಿಕ್ಕೀತು."

"ಮದುಮಗಳ ಅವಸರ ನೋಡು! ಹೊತ್ತು ಮುಳುಗಿದ ಮೇಲೆ ರೇಡಿಯೋದ ಹಗಲಿನ ಅಲೆ ಹತ್ತಿರದವರನ್ನ ಹಾರಿ ದೂರದವರ ಹತ್ರ ಹೋಗುತ್ತಮ್ಮ. ಹಡಗಿನವರು ಆಗಲೇ ರಾತ್ರಿ ಅಲೆಗೆ ತಿರುಗಿಸಿರ್ತಾರೆ."

"ಒಂದೇ ಸಲ."

ಆ ಹಡಗಿನಲ್ಲಿ ಪಕ್ಕದ ದ್ವೀಪದ ವಿಧುರ ಕೌರಬ್ವೆ ಬರುತ್ತಿದ್ದ. ಭಾನುವಾರ ಅವನಿಗೂ ತೆಬುರೆಂಗಾಗೂ ಮದುವೆ. ಅವಳ ಮೊದಲ ಗಂಡ ತಿನಾಯಾ ಮೀನಿಗೆ ಹೋದವನು ತಿರುಗಿ ಬರಲಿಲ್ಲ. ಮಗುಚಿದ ದೋಣಿಯಷ್ಟೇ ಸಿಕ್ಕಿತ್ತು. ಊರೆಲ್ಲ ಕೂತು ಅತ್ತು ವರ್ಷಗಳೇ ಆಗಿದ್ದವು.

ರಿತೇತಿ ಕರೆದ. ಹಡಗು ಉತ್ತರಿಸಲಿಲ್ಲ. ರೇಡಿಯೋದ ಕರಕರ ಸದ್ದಿನ ಹಿಂದಿನಿಂದ ಗಂಡಸಿನ ದನಿಯೊಂದು ಬಂತು, ಬಾಗಿಲಲ್ಲೇ ನಿಂತು ಮಾತಾಡಿದಷ್ಟು ಸ್ಪಷ್ಟ. ದೂರದ ಸೊಲೊಮನ್ ದ್ವೀಪಗಳಿಗೆ ವಲಸೆ ಹೋದ ನಮ್ಮವರ ಕಡೆಯಿಂದ, ನಮ್ಮದೇ ಮಾತಿನಲ್ಲಿ.

"ಆಸ್ಪತ್ರೆ, ಆಸ್ಪತ್ರೆ! ನನ್ನ ಹೆಂಡ್ತಿಗೆ ಹೆರಿಗೆ ನೋವು. ರಕ್ತ ನಿಲ್ತಿಲ್ಲ. ದೋಣಿ ಕಳ್ಸಿ!"

ರಿತೇತಿಯ ಕೈ ಗುಂಡಿಯ ಮೇಲೇ ಉಳಿಯಿತು. ತೆಬುರೆಂಗಾ ಮೈಕು ಕಿತ್ತುಕೊಂಡಳು.

"ತಿನಾಯಾ?"

ಬರೀ ಸುಯ್ ಎನ್ನುವ ಸದ್ದು. ಆಮೇಲೆ ಅವನೇ, ಮೆಲ್ಲಗೆ: "ತೆಬುರೆಂಗಾ... ಮೊದಲು ಈ ಹೆಂಗ್ಸು ಉಳೀಲಿ ಕಣೇ. ಅಲೆ ಖಾಲಿ ಬಿಡು, ಆಸ್ಪತ್ರೆಗೆ ಕೇಳಿಸ್ಬೇಕು."

ಅವಳು ಮೈಕಿನ ಗುಂಡಿಯಿಂದ ಬೆರಳು ತೆಗೆದಳು. ದೋಣಿ ಹೊರಟಿದೆ ಎಂದು ಆಸ್ಪತ್ರೆಯವರು ಹೇಳಿದ್ದು ಕೇಳಿಸಿತು. ಆಮೇಲೆ ದನಿಗಳು ತೇಲಿ ತೇಲಿ ಇಲ್ಲವಾದವು.

ರಿತೇತಿ ಬಾಗಿಲಾಚೆ ಇಣುಕಿ ನೋಡಿ ಬಂದ. "ಕೇಳಿದ್ದು ನಾವಿಬ್ರೇ ತಂಗಿ. ಗಂಡ ಇದಾನೆ ಅಂತ ಗೊತ್ತಾದ್ರೆ ಪಾದ್ರಿ ಮದುವೆ ಮಾಡ್ಸಲ್ಲ. ನಾನಂತೂ ಬಾಯಿ ಬಿಡಲ್ಲ."

"ರಾತ್ರಿ ಅಲೆಗೆ ತಿರುಗ್ಸಿ."

ತಿರುಗಿಸಿದ್ದೇ ತಡ, ಹಡಗು ಸಿಕ್ಕಿತು. ಕೌರಬ್ವೆ ನಗುತ್ತಿದ್ದ. "ಏನಮ್ಮಾ ಯಜಮಾನ್ತಿ, ಕಾದು ಕಾದು ನಿದ್ದೆ ಹೋದ್ಯಾ? ಅಡುಗೆ ಸುಟ್ಟು ಹೋಗಿರ್ಬೇಕು!" ಅದೇ ಅಲೆಯಲ್ಲಿ ಕೇಳುತ್ತಿದ್ದ ಸುತ್ತಲ ದ್ವೀಪಗಳವರೂ ನಕ್ಕರು.

"ಕೌರಬ್ವೆ, ನನ್ನ ಗಂಡ ಬದುಕಿದಾನೆ. ಈಗ ತಾನೇ ಅವನ ದನಿ ಕೇಳ್ದೆ."

ಹೇಳಿ ಅವಳು ಮೈಕನ್ನು ರಿತೇತಿಯ ಕೈಗಿಟ್ಟಳು.

ಶುಕ್ರವಾರ ಹಡಗು ಬಂತು. ಕೌರಬ್ವೆ ಇಳಿದು ಬಂದ, ಅವಳ ಎದುರು ಕೂತು ಬಡಿಸಿದ್ದನ್ನು ಉಂಡ. ಏಳುವಾಗ ತನ್ನ ತಟ್ಟೆಯನ್ನು ತಾನೇ ತೊಳೆದು ಬೋರಲಿಟ್ಟ. ಶನಿವಾರ ಬೆಳಿಗ್ಗೆ, ನೀರು ಇಳಿಯುವ ಮೊದಲು, ಅದೇ ಹಡಗಿನಲ್ಲಿ ಹೊರಟುಹೋದ.