ತೊಲೆಗಳ ನಡುವಿನ ಕಿಂಡಿ

ನಮ್ಮ ಹಳೆಯ ಜಮೀನ್ದಾರಿ ಮನೆಯದು ಓಕ್ ಮರದ ಕಂಬ, ಓಕ್ ತೊಲೆ, ನಡುವೆ ಕಡ್ಡಿ ಹೆಣೆದು ಮಣ್ಣು ಮೆತ್ತಿದ ಗೋಡೆ. ಮೆಟ್ಟಿಲು ಒಂದೇ ಕಂಬವನ್ನು ಸುತ್ತಿಕೊಂಡು ಏರುತ್ತದೆ. ಅಲ್ಲಿ ಶವಪೆಟ್ಟಿಗೆ ತಿರುಗುವುದಿಲ್ಲ. ಅದಕ್ಕೇ ಕಟ್ಟಿದವರು ಮಲಗುವ ಕೋಣೆಯ ನೆಲದಲ್ಲಿ ಎರಡು ಅಡ್ಡತೊಲೆಗಳಿಗೆ ಗೂಟ ಹೊಡೆಯದೆ ಬಿಟ್ಟಿದ್ದಾರೆ. ಹಲಗೆ ಎತ್ತಿ ತೊಲೆ ಸರಿಸಿದರೆ ಕೆಳಗೆ ಹಜಾರ. ಸತ್ತವರು ಇಳಿಯುವುದು ಆ ಕಿಂಡಿಯಿಂದ. ನನ್ನ ಅತ್ತೆಯೂ ಹಾಗೇ ಇಳಿದರು.

ಆ ಕೋಣೆ ಇರುವುದು ಹಜಾರದ ಅರ್ಧದ ಮೇಲೆ; ಉಳಿದರ್ಧ ಸೂರಿನವರೆಗೂ ಬಯಲು. ಅಲ್ಲಿ ಬಾಗಿದ ಹೊಸ ತೊಲೆಯೊಂದನ್ನು ಕೂರಿಸಿದ್ದೇ ಬಡಗಿಯಾದ ನನ್ನ ಗಂಡ ಎನೋಕ್‌ನ ಕೊನೆಯ ಕೆಲಸ. ಕೆಲಸಕ್ಕೆಂದು ಕಟ್ಟಿದ ಅಟ್ಟಣಿಗೆಯ ಮೇಲೆ ನಿಂತು ಕೂರಿಸಿದವನು, ಅದನ್ನು ಬಿಚ್ಚುವ ಮೊದಲೇ, ಅಂದೇ ಜ್ವರ ಹಿಡಿದು ಮಲಗಿದ. ಆಮೇಲೆ ಕಾಲು ಬಿದ್ದುಹೋಯಿತು, ಉಸಿರು ಸಣ್ಣದಾಯಿತು.

"ಹೆಟ್ಟೀ, ಒಂದು ಸಲ ಕೆಳಗಿಳಿಸೇ. ಆ ತೊಲೇನ ಕೆಳಗಿಂದ ನಾನು ನೋಡೇ ಇಲ್ಲ."

ಮೆಟ್ಟಿಲಲ್ಲಿ ಹೊತ್ತು ತರಲು ನೋಡಿದೆವು. ಮೈ ಮಡಿಸಿದರೆ ಉಸಿರು ಕಟ್ಟಿತು.

"ಕಿಂಡಿ ಇದೆಯಲ್ಲ," ಅಂದ.

ನೋಡಲು ಬಂದಿದ್ದ ನೆರೆಮನೆಯ ಪ್ರೋಸರಮ್ಮ ಎದೆಗೆ ಕೈಯಿಟ್ಟಳು. "ಜೀವ ಇರೋರನ್ನ ಅದರಲ್ಲಿ ಇಳಿಸ್ತಾರೇನಯ್ಯಾ? ಸಾವನ್ನ ಕೂಗಿ ಕರೆದ ಹಾಗೆ!"

"ಕರೆಯೋದೇನು ಬಂತು? ಅದಾಗಲೇ ನಮ್ಮ ಬಾಗಿಲಲ್ಲಿ ಬೂಟು ಒರೆಸ್ಕೊತಾ ಇದೆ," ಅಂದ ಎನೋಕ್.

ಮೈದುನ ಪರ್ಸಿ ಹಗ್ಗ ತಂದ, ಆದರೆ ನೆಲದ ಮೇಲೆ ಇಟ್ಟುಬಿಟ್ಟ. "ಅಮ್ಮನ್ನ ಇಳಿಸಿದ್ದು ಇದರಲ್ಲೇ. ನನ್ನ ಕೈಲಿ ಆಗಲ್ಲ ಅತ್ತಿಗೆ."

"ಒಂದು ತುದಿ ನಾನು ಹಿಡೀತೀನಿ," ಅಂದೆ.

ಹಲಗೆ ಎತ್ತಿ, ತೊಲೆ ಸರಿಸಿ, ಅಡುಗೆಮನೆಯ ಕುರ್ಚಿಗೆ ಎನೋಕ್‌ನನ್ನು ಕಟ್ಟಿ ಇಳಿಸಿದೆವು.

"ಮೆಲ್ಲಗೆ ಕಣೋ ಪರ್ಸಿ! ಸೇಬಿನ ಮೂಟೆ ಅಲ್ಲ ನಾನು!"

ಕೆಳಗೆ ತಲುಪಿ, ಬಹಳ ಹೊತ್ತು ತಲೆಯೆತ್ತಿ ತನ್ನ ತೊಲೆಯನ್ನೇ ನೋಡಿದ. ನಾನು ಸೇಬಿನ ಸೈಡರ್ ಬಿಸಿಮಾಡಿ ತಂದರೂ ಕಣ್ಣು ಇಳಿಸಲಿಲ್ಲ.

"ಎಡಗಡೆ ಸಂದು ಸ್ವಲ್ಪ ಬಾಯಿಬಿಟ್ಟಿದೆ. ಹಸಿ ಮರ. ಒಣಗ್ತಾ ಒಣಗ್ತಾ ಬಿಗಿಯಾಗುತ್ತೆ. ನೀನು ನೋಡ್ತಿರು."

ನಾನು ಲೋಟವನ್ನು ಅವನ ಕೈಗಿಟ್ಟೆ.

ಸಂಜೆಯಾಯಿತು. ಪರ್ಸಿ ಹಗ್ಗಕ್ಕೆ ಕೈಹಾಕಿದ. "ನಡಿ ಅಣ್ಣ, ಮೇಲೆ ಹೋಗೋಣ."

"ನೀನು ಹೋಗಿ ತೊಲೆ ಕೂರಿಸಿ, ಹಲಗೆ ಮುಚ್ಚಿಬಿಡು."

"ಮತ್ತೆ ನೀನು?"

"ಹೆಟ್ಟಿ ಹಾಸಿಗೆ ಇಲ್ಲೇ ತರ್ತಾಳೆ. ಮೇಲೆ ಹೋದ್ರೆ ನನ್ನ ಮತ್ತೆ ಇದರಲ್ಲೇ ಇಳಿಸಬೇಕಾಗುತ್ತೆ. ಇನ್ನೊಂದು ಸಲ ಅವಳ ಕೈಗೆ ಈ ಹಗ್ಗ ಕೊಡಬೇಡ."

ಪರ್ಸಿಯ ಹಿಂದೆ ನಾನೂ ಮೆಟ್ಟಿಲು ಹತ್ತಿದೆ. ಗಂಡನ ದಿಂಬು ತೆಗೆದುಕೊಂಡೆ, ನನ್ನದನ್ನೂ. ಪರ್ಸಿ ಹಲಗೆ ಹಾಸುತ್ತಾ ಬಂದ. ಕೆಳಗೆ ಎನೋಕ್‌ನ ಮುಖ ಒಂದೊಂದೇ ಹಲಗೆಗೆ ಕಿರಿದಾಗುತ್ತಿತ್ತು. ಕೊನೆಯದಕ್ಕೆ ನಾನು ಕೈ ಅಡ್ಡ ಇಟ್ಟೆ.

"ಸ್ವಲ್ಪ ತಾಳೋ," ಅಂದೆ.