ಆಶ್ರಿತೆ

"ಯಾರ ಹತ್ರ ಮಲಗ್ತೀಯ ಅಂತ ಕೇಳ್ತಿಲ್ಲಮ್ಮ ನಾನು. ದುಡ್ಡು ಎಲ್ಲಿಂದ ಬರುತ್ತೆ ಅಂತ ಕೇಳ್ತಿರೋದು."

ಪರವಾನಗಿ ಕಚೇರಿಯ ಗಾಜಿನ ಆಚೆ ಕೂತಿದ್ದ ಸಾಹೇಬ ಇದನ್ನು ಮೈಕಿನಲ್ಲೇ ಕೇಳಿದ. ಸಾಲಿನಲ್ಲಿ ನಿಂತವರಲ್ಲಿ ಕೆಲವರು ಮೊಬೈಲಿಗೆ ತಲೆ ತಗ್ಗಿಸಿದರು, ಕೆಲವರು ಕಿವಿ ನಿಮಿರಿಸಿದರು. ಅವಳು ಗಂಡನ ಮುಖ ನೋಡಿದಳು. ಅವನು ಊರುಗೋಲಿನ ಮೇಲೆ ಭಾರ ಬಿಟ್ಟು ನೆಲ ನೋಡುತ್ತಿದ್ದ.

ಅವಳು ಆ ದೇಶದವಳಲ್ಲ. ಇವನನ್ನು ಕಟ್ಟಿಕೊಂಡು ಸಮುದ್ರ ದಾಟಿ ಬಂದವಳು. ಇಲ್ಲಿಯ ಮಾತು ಕಲಿತದ್ದು ಅತ್ತೆಯ ಬೈಗುಳ ಕೇಳಿ ಕೇಳಿ. ಹಾಗಾಗಿ ನಯವಾದ ಮಾತಿಗೆ ನಾಲಿಗೆ ಇನ್ನೂ ಅಷ್ಟಾಗಿ ಹೊರಳುತ್ತಿರಲಿಲ್ಲ. ಲಿಫ್ಟ್ ರಿಪೇರಿಗೆ ಹೋಗುತ್ತಿದ್ದ ಗಂಡ ಕೆಳಗೆ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಮನೆಯ ಒಲೆ ಉರಿದದ್ದು ಅವಳ ಗಂಟಲಿನಿಂದ. ತನ್ನ ದೇಶದ ವಾಷಿಂಗ್ ಮೆಷಿನ್ ಕಂಪನಿಗೆ ಇಲ್ಲಿಂದಲೇ ಫೋನಿನಲ್ಲಿ ದೂರು ಕೇಳುವ ಕೆಲಸ ಹಿಡಿದಳು. ಬೀರು ಸರಿಸಿದ ಮೂಲೆಯಲ್ಲಿ ಕಂಬಳಿ ಇಳಿಬಿಟ್ಟುಕೊಂಡು ಹೆಡ್‌ಫೋನ್ ಹಾಕಿ ಕೂತರೆ ಸಾಕು, ಮೆಷಿನ್ನಲ್ಲಿ ನೀರು ಸೋರಿದವರು, ಬಟ್ಟೆ ಹರಿದುಕೊಂಡವರು ಎಲ್ಲರೂ ಅವಳ ಮೇಲೆ ಹರಿಹಾಯುವರು. "ಕ್ಷಮಿಸಿ ಸಾರ್" ಅನ್ನುವಾಗ ದನಿಯಲ್ಲಿ ನಗು ಇರಲೇಬೇಕು. ನಗು ಕಮ್ಮಿಯಾದರೆ ಸಂಬಳದಲ್ಲಿ ಮುರಿಯುವರು.

ಕಂಬಳಿಯ ಈಚೆ ಅತ್ತೆ ಕಿವಿಗೊಟ್ಟು ನಿಲ್ಲುವಳು.

"ಸಾರ್ ಸಾರ್ ಅಂತ ಕಿಸೀತೀಯಲ್ಲೇ ಮುಂಡೆ, ಎಷ್ಟು ಜನ ಸಾರ್‌ಗಳೇ ನಿಂಗೆ?" ಎಂದು ಕೇಳಿ, ಅದೇ ಬಾಯಿಗೆ ಸೊಸೆಯ ದುಡಿಮೆಯ ಬಿಪಿ ಮಾತ್ರೆ ಹಾಕಿಕೊಳ್ಳುವಳು.

ಅವಳ ವಾಸದ ಪರವಾನಗಿ ಮುಗಿಯಲು ಬಂತು. ಮನೆ ಭಾವನದು, ಗಂಡನ ಅಣ್ಣನದು. ಅವನೇ ಅವಳನ್ನು ಕೂರಿಸಿ ಪಾಠ ಹೇಳಿದ.

"ಸಂಬಳ ಅಂದ್ಯೋ, ಕೆಟ್ಟೆ. ನಿಮ್ ದೇಶದಲ್ಲಿ ತೆರಿಗೆ ಮುರ್ಕೊಂಡಿದಾರೆ, ಇಲ್ಲೂ ಕೇಳ್ತಾರೆ. ಅದೂ ಅಲ್ದೆ ನಿಂದು ಗಂಡನ ಜೊತೆ ಇರೋ ಪರವಾನಗಿ, ದುಡಿಯೋ ಪರವಾನಗಿ ಅಲ್ಲ. ಕತ್ತು ಹಿಡ್ದು ದಬ್ತಾರೆ. ನಿಮ್ಮಪ್ಪ ಕಳಿಸ್ತಾನೆ ಅನ್ನು."

"ನಮ್ಮಪ್ಪ ಸತ್ತೋಗಿದಾನೆ ಭಾವ."

"ಒಳ್ಳೇದೇ ಆಯ್ತು. ಸತ್ತೋನು ಎದ್ದು ಬಂದು ಇಲ್ಲ ಅಂತಾನಾ?"

ಬ್ಯಾಂಕಿನವರು ಅವಳಿಗೆ ಖಾತೆ ಕೊಡದಿದ್ದುದರಿಂದ ಸಂಬಳ ಬೀಳುತ್ತಿದ್ದದ್ದು ಭಾವನ ಖಾತೆಗೆ. ಈ ಸುಳ್ಳು ಕಾಪಾಡುವುದು ತನ್ನನ್ನೋ ಅವನನ್ನೋ ಎಂಬ ಗುಮಾನಿ ಅವಳ ತಲೆ ಹೊಕ್ಕಿತು. ಬಾಯಿಬಿಟ್ಟು ಕೇಳಿಯೂಬಿಟ್ಟಳು.

"ನನ್ ಮೇಲೇ ಅನುಮಾನನಾ? ನಾನೊಂದು ಮಾತು ಕಚೇರಿಯವರ ಕಿವಿಗೆ ಹಾಕಿದ್ರೆ ಸಾಕು, ಮಾರನೇ ದಿನ ವಿಮಾನ ಹತ್ತಿಸ್ತಾರೆ. ನೆನಪಿಟ್ಕೋ."

ಅವತ್ತಿನಿಂದ ಬಾಗಿಲ ಗಂಟೆ ಹೊಡೆದರೆ ಅವಳು ಹೆಡ್‌ಫೋನ್ ಕಿತ್ತು ಬೀರುವಿನ ಹಿಂದೆ ತುರುಕುವಳು.

ಈಗ ಗಾಜಿನ ಮುಂದೆ ಗಂಡ ಗಂಟಲು ಸರಿಮಾಡಿಕೊಂಡ. "ಇವಳಪ್ಪ ತಿಂಗಳು ತಿಂಗಳು ಕಳಿಸ್ತಾನೆ ಸ್ವಾಮಿ. ಇವಳು ನನ್ನ ಆಶ್ರಯದಲ್ಲಿದಾಳೆ."

ಸಾಹೇಬ ಊರುಗೋಲನ್ನು ನೋಡಿದ, ಅವಳ ಎದೆ ನೋಡಿದ, ಹಲ್ಲು ಬಿಟ್ಟ.

"ನಿನ್ನನ್ನೇ ಕೋಲು ಹೊತ್ಕೊಂಡಿದೆ, ನೀನಿವಳಿಗೆ ಆಶ್ರಯನಾ? ತಿಂಗಳಿಗೆ ಸರಿಯಾಗಿ ದುಡ್ಡು ಕಳಿಸೋ ಅಪ್ಪ! ಎಷ್ಟು ಜನ ಇದಾರಯ್ಯ ಇಂಥ ಅಪ್ಪಂದಿರು ನಿನ್ ಹೆಂಡ್ತಿಗೆ?"

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅದನ್ನು ಅವಳು ನುಂಗಿಕೊಳ್ಳುತ್ತಿದ್ದಳೇನೋ. ಆದರೆ ಗಂಡನೂ ನಕ್ಕ. ಸಾಹೇಬನಿಗೆ ಜೊತೆಯಾಗಿ, ಹೆಹ್ಹೆ ಎಂದು, ತಲೆ ಕೆರೆದುಕೊಂಡು ನಕ್ಕ.

"ನಮ್ಮಪ್ಪ ಸತ್ತಿದಾನೆ," ಎಂದಳು. "ನಾನು ದುಡೀತೀನಿ. ದಿನಾ ಬೈಸ್ಕೊಂಡು ದುಡೀತೀನಿ. ಇವನಿಗೆ ನಾನು ಆಶ್ರಯ. ಇವರಮ್ಮಂಗೂ ನಾನೇ. ಇವರಣ್ಣ ನನ್ನ ಸಂಬಳ ಹಿಡ್ಕೊಂಡು ಕೂತಿದಾನೆ, ಅವನ ಖಾತೆ ನೋಡಿ. ತೆರಿಗೆ ಬೇಕಾ? ಮುರ್ಕೊಳ್ಳಿ. ಆದ್ರೆ ದುಡಿಯೋಳು ಅಂತ ಬರೀರಿ."

"ಏಯ್, ಮುಚ್ಚೇ ಬಾಯಿ!" ಗಂಡ ಅವಳ ತೋಳಿಗೆ ಕೈ ಹಾಕಿದ. ಕೊಡವಿಕೊಂಡಳು.

ಸಾಹೇಬನ ಮುಖದ ನಗು ಇಂಗಿತು. "ಹಂಗೆ ಬರೆಯೋಕೆ ಇಲ್ಲಿ ಜಾಗ ಇಲ್ಲ. ಹೆಂಡ್ತಿ ಅಂದ್ರೆ ಆಶ್ರಿತೆ, ಅಷ್ಟೆ. ನೀನು ಕದ್ದು ದುಡಿದಿದೀಯ, ಬಾಯಲ್ಲೇ ಒಪ್ಕೊಂಡೆ. ಹೊರಡೋಕೆ ರೆಡಿಯಾಗು." ಎಂದವನೇ ಅವಳ ಪಾಸ್‌ಪೋರ್ಟನ್ನು ಡ್ರಾಯರಿನ ಕಡೆಗೆ ಎಳೆದುಕೊಂಡ.

ಗಾಜಿನ ಕೆಳಗಿನ ಕಿಂಡಿಯಿಂದ ಅವಳ ಕೈ ಒಳಗೆ ನುಗ್ಗಿತು. ಪಾಸ್‌ಪೋರ್ಟಿನ ಒಂದು ತುದಿ ಅವನ ಮುಷ್ಟಿಯಲ್ಲಿ, ಇನ್ನೊಂದು ಇವಳ ಬೆರಳಲ್ಲಿ. ಅವನು ಜಗ್ಗಿದ. ಕಿಂಡಿಯ ತಗಡು ಮಣಿಕಟ್ಟನ್ನು ಕೊಯ್ದು ರಕ್ತ ಕಾಗದಗಳ ಮೇಲೆ ತೊಟ್ಟಿಕ್ಕಿತು.

"ಬಿಡೇ ರಂಡೆ! ಗಾರ್ಡ್! ಎಲ್ಲಿ ಸತ್ತೆಯಯ್ಯಾ ಗಾರ್ಡ್!" ಮೈಕು ಕಿರುಚಿತು.

ಗಾರ್ಡು ಬಾಗಿಲಿನಿಂದ ಓಡಿಬಂದ. ಸಾಲಿನಲ್ಲಿ ನಿಂತಿದ್ದ ಹೆಂಗಸರು ದಾರಿ ಬಿಡಲಿಲ್ಲ. ತಡೆಯಲೂ ಇಲ್ಲ, ನಿಂತಲ್ಲೇ ನಿಂತರು, ಒಬ್ಬರಿಗೊಬ್ಬರು ಒತ್ತಿಕೊಂಡು.

"ಪಕ್ಕಕ್ಕೆ ಸರೀರಮ್ಮಾ," ಎಂದ ಗಾರ್ಡು.

ಯಾರೂ ಸರಿಯಲಿಲ್ಲ. ಅವಳು ಹಿಂದೆ ತಿರುಗಿ ನೋಡದೆ ಇನ್ನೊಂದು ಕೈಯನ್ನೂ ಕಿಂಡಿಯೊಳಗೆ ತೂರಿಸಿದಳು.